ಬೆಲೆಯ ಕಾಲಂ: ಕೊಪ್ಪಳದ ಒಂದು ಕಾಲೇಜು ಗ್ರಂಥಾಲಯದಲ್ಲಿ ನಡೆದ ಎರಡು ಕಲಾಪ್ರದರ್ಶನಗಳ ಪ್ರಕರಣ

ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದ ಕೂಡಲೇ ನಾವು ಅಕ್ಸೆಶನ್ ರಿಜಿಸ್ಟರ್ ತೆಗೆಯುತ್ತೇವೆ. ನಂಬರ್, ತಾರೀಖು, ಬರೆದವರ ಹೆಸರು, ಪುಸ್ತಕದ ಹೆಸರು, ವರ್ಷ, ಬೆಲೆ, ಎಲ್ಲಿಂದ ಬಂತು. ಇಷ್ಟೂ ಕಾಲಂ ತುಂಬುವವರೆಗೆ ಪುಸ್ತಕ ಕಪಾಟು ಏರುವುದಿಲ್ಲ. ಮೂವತ್ತು ರೂಪಾಯಿಯ ಪುಸ್ತಕವಾದರೂ ಅಷ್ಟೇ. ಕೊಪ್ಪಳದ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕನಾಗಿರುವ ನನಗೆ ಇದು ದಿನನಿತ್ಯದ ಕೆಲಸ. ಆದರೂ ಊರಿನ ಕಲಾವಿದರ ಚಿತ್ರಗಳು ಮೊದಲ ಸಲ ನಮ್ಮ ಗೋಡೆಗೆ ಬಂದಾಗ ಈ ಕಾಲಂಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ.

ಆಗ ಏನೇನು ತಪ್ಪಿತು, ಎರಡನೇ ಸಲ ಏನು ತಿದ್ದಿಕೊಂಡೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಬೇರೆ ಕಾಲೇಜಿನವರು ಇಂಥ ಕೆಲಸಕ್ಕೆ ಕೈ ಹಾಕಿದರೆ ಉಪಯೋಗವಾಗಲಿ ಅನ್ನುವ ಆಸೆಯಿಂದ. ಹಣದ ಮಾತು ಇರುವುದರಿಂದ ಕಲಾವಿದರ ಹೆಸರು ಈ ಬರಹದಲ್ಲಿ ಇಲ್ಲ. ಗ್ರಂಥಾಲಯದ ಗೋಡೆಯ ಮೇಲೆ ಎಲ್ಲರ ಹೆಸರೂ ಇದೆ.

ಜಾಗ, ಜನ

ನಮ್ಮ ಗ್ರಂಥಾಲಯ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿದರೆ ಉದ್ದನೆಯ ಪಡಸಾಲೆ, ಅದರ ಆಚೆ ಓದುವ ಕೋಣೆ. ಪಡಸಾಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ಮುರಿದ ಕುರ್ಚಿ ತುಂಬಿಕೊಂಡಿದ್ದವು. ಅದನ್ನೆಲ್ಲ ತೆಗೆಸಿ ಸುಣ್ಣ ಹೊಡೆಸಿದಾಗ ಸುಮಾರು 60 ಅಡಿ ಖಾಲಿ ಗೋಡೆ ಸಿಕ್ಕಿತು. ಅದನ್ನು ಗ್ಯಾಲರಿ ಅಂತ ಮೊದಲು ಕರೆದವರು ನಮ್ಮ ವಿದ್ಯಾರ್ಥಿಗಳು.

ನಮ್ಮ ಕಡೆಯ ಕಲಾವಿದರಿಗೆ ಚಿತ್ರ ತೋರಿಸುವುದು ಅಂದರೆ ಬಹಳ ಸಲ ಬೆಂಗಳೂರಿಗೆ ಹೋಗುವುದು ಅಂತಲೇ ಅರ್ಥ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಕ್ಯಾನ್ವಾಸ್ ಸುತ್ತಿಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಮಾರಿದರೆ ಸರಿ, ಇಲ್ಲದಿದ್ದರೆ ಅದೇ ಸುರುಳಿ ವಾಪಸ್. ಅವರ ಪಕ್ಕದ ಮನೆಯವರು ಆ ಚಿತ್ರವನ್ನು ನೋಡಿರುವುದೇ ಇಲ್ಲ. ಇದು ನನಗೆ ಬಹಳ ದಿನದಿಂದ ಚುಚ್ಚುತ್ತಿತ್ತು.

ಒಂಬತ್ತು ಜನ ಒಪ್ಪಿದರು. ನಾಲ್ವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಒಬ್ಬರು ಜಲವರ್ಣದಲ್ಲಿ ತುಂಗಭದ್ರಾ ಹಿನ್ನೀರನ್ನು ಬರೆಯುವ ಹೆಣ್ಣುಮಗಳು, ಮನೆಯಲ್ಲೇ ಮಕ್ಕಳಿಗೆ ಚಿತ್ರ ಕಲಿಸುತ್ತಾರೆ. ಇಬ್ಬರು ಕಲ್ಲಿನ ಶಿಲ್ಪಿಗಳು, ಕುಷ್ಟಗಿ ಕಡೆಯವರು. ಆ ಭಾಗದಲ್ಲಿ ಸಿಗುವ ಕೆಂಪು ಗ್ರಾನೈಟ್ ಮೇಲೆ ಕೆಲಸ ಮಾಡುತ್ತಾರೆ. ಒಬ್ಬರು ಹಳೆಯ ಬೋರ್ಡ್ ಪೇಂಟರ್. ಅಂಗಡಿ ಬೋರ್ಡು, ಲಾರಿ ಹಿಂದಿನ ಹೂಬಳ್ಳಿ ಬರೆದು ಸಂಸಾರ ನಡೆಸಿದವರು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಸುವವರು ಇಲ್ಲವಾದರು. ಉಳಿದ ಎನಾಮಲ್ ಡಬ್ಬಿಗಳಲ್ಲೇ ತಗಡಿನ ಮೇಲೆ ತಮಗೆ ಬೇಕಾದದ್ದನ್ನು ಬರೆಯತೊಡಗಿದರು. ಅವರ ಜೋಳದ ಹೊಲದ ಚಿತ್ರದಲ್ಲಿ ತೆನೆಯ ಒಂದೊಂದು ಕಾಳಿಗೂ ನೆರಳು ಇದೆ. ಒಂಬತ್ತನೆಯವರು ಕಿನ್ನಾಳದ ಚಿತ್ರಗಾರರು, ಅಂದರೆ ಕಟ್ಟಿಗೆಯ ಗೊಂಬೆ ಮಾಡಿ ಬಣ್ಣ ಬರೆಯುವ ಮನೆತನದವರು.

ಕಿನ್ನಾಳ ನಮ್ಮೂರಿಂದ 12-13 ಕಿಲೋಮೀಟರ್. ಅಲ್ಲಿಯ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳನ್ನು ಬರೆದದ್ದು ಈ ಮನೆತನಗಳ ಹಿರಿಯರೇ ಅನ್ನುವ ಮಾತೂ ಇದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಗೊಂಬೆ ಹೇಗೆ ಆಗುತ್ತದೆ ಅನ್ನುವುದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ನಮ್ಮ ಬೈಂಡರ್ ದೆಸೆಯಿಂದ.

ಪುಸ್ತಕ ಕಟ್ಟುವ ನಮ್ಮ ಬೈಂಡರ್ ಅಂದು ಮೂಲೆಯಲ್ಲಿ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹಿಡಿಯದಿರಲಿ ಅಂತ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಗೊಂಬೆ ಇಳಿಸಲು ಬಂದ ಚಿತ್ರಗಾರರು ಅಲ್ಲೇ ನಿಂತರು. ಬೆರಳಲ್ಲಿ ಅಂಟು ಮುಟ್ಟಿ, ತಿಕ್ಕಿ ನೋಡಿ, "ಇದು ಹಾಳಿಗೆ ಚಲೋರಿ, ಕಟಗಿಗೆ ಹುಣಸಿ ಬೀಜಾನ ಬೇಕು" ಅಂದರು. ಆಮೇಲೆ ಇಬ್ಬರೂ ಅರ್ಧ ಗಂಟೆ ಅಂಟಿನ ಮಾತೇ ಆಡಿದರು. ಹಗುರವಾದ ಪೊಳಕಿ ಮರದಲ್ಲಿ ಕೈ, ಕಾಲು, ರೆಕ್ಕೆ ಬೇರೆ ಬೇರೆ ಕೆತ್ತಿ ಕೂಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸುತ್ತಾರೆ. ಅದು ಕಿಟ್ಟ. ಸಂದುಗಳಲ್ಲೆಲ್ಲ ಕಿಟ್ಟ ತುಂಬಿ, ಮೇಲೆ ಅರಿವೆಯ ತುಂಡು ಅಂಟಿಸಿ, ಬಿಳಿ ಬಳಿದು, ಆಮೇಲೆ ಬಣ್ಣ. ಸರ, ವಂಕಿ, ಕಿರೀಟ ಇವೆಲ್ಲ ಉಬ್ಬಿ ಕಾಣುವುದು ಹರಳುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಎಳೆ ಎಳೆಯಾಗಿ ಬಿಡುವುದರಿಂದ. ಅವರು ತಂದಿದ್ದ ಗರುಡನ ರೆಕ್ಕೆಯನ್ನು ಅಡ್ಡ ಬೆಳಕಿಗೆ ಹಿಡಿದು ತೋರಿಸಿದರು. ಗರಿಯ ನಡುಗೆರೆ ಕೂದಲಿನಷ್ಟು ತೆಳುವಾಗಿ ಎದ್ದು ನಿಂತಿತ್ತು.

ಇಷ್ಟು ಕಣ್ಣಾರೆ ನೋಡಿದ ಮೇಲೂ ನಾನು ಆ ತಪ್ಪು ಮಾಡಿದೆ.

ಮೊದಲ ಪ್ರದರ್ಶನ

ಚಿತ್ರಗಳಿಗೆ ಗೋಡೆ ಕೊಟ್ಟೆ. ಕಿನ್ನಾಳದ ಐದು ಗೊಂಬೆಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಚಿತ್ರಗಳ ಕೆಳಗೆ ಕಲಾವಿದರ ಹೆಸರು, ಚಿತ್ರದ ಹೆಸರು. ಮೇಜಿನ ಮೇಲೆ ಒಂದೇ ಚೀಟಿ: "ಕಿನ್ನಾಳ ಗೊಂಬೆಗಳು, ಸಾಂಪ್ರದಾಯಿಕ".

ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಕೂತು ಯೋಚಿಸಿದೆ. ಗ್ರಂಥಾಲಯದಲ್ಲಿ ವಿಷಯದ ಪ್ರಕಾರ ಪುಸ್ತಕಕ್ಕೆ ನಂಬರ್ ಹಚ್ಚುವ ಡ್ಯೂಯಿ ವರ್ಗೀಕರಣದಲ್ಲಿ ಶಿಲ್ಪಕ್ಕೆ 730, ಚಿತ್ರಕಲೆಗೆ 750. ಕರಕುಶಲಕ್ಕೆ 745. ವರ್ಷಾನುಗಟ್ಟಲೆ ಆ ನಂಬರ್ ಹಚ್ಚಿ ಹಚ್ಚಿ ನನ್ನ ತಲೆಯಲ್ಲೇ ಬೇರೆ ಬೇರೆ ಕಪಾಟು ಆಗಿಬಿಟ್ಟಿತ್ತು. ಪುಸ್ತಕ ಹುಡುಕಲು ಮಾಡಿದ ನಂಬರು ಅದು. ಮನುಷ್ಯರನ್ನು ಹಿಂದೆ ಮುಂದೆ ಕೂರಿಸಲು ಮಾಡಿದ್ದಲ್ಲ. ಪುಸ್ತಕವಾದರೆ 745ಕ್ಕೆ ಹೋದರೂ ಬರೆದವರ ಹೆಸರು ಹೋಗುವುದಿಲ್ಲ ಅಲ್ವಾ?

ಚಿತ್ರಗಾರರು ಏನೂ ಅನ್ನಲಿಲ್ಲ. ಎರಡನೇ ದಿನ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಮೂರನೇ ಕ್ಲಾಸು. ಗೋಡೆಯ ಉದ್ದಕ್ಕೂ ಒಂದೊಂದೇ ಚೀಟಿ ಜೋರಾಗಿ ಓದುತ್ತಾ ಬಂದಳು. ಮೇಜಿನ ಹತ್ತಿರ ಬಂದು, "ಅಪ್ಪಾ, ಇಲ್ಲಿ ನಿನ್ನ ಹೆಸರ ಇಲ್ಲ" ಅಂದಳು. ಅವರು ಅವಳ ತಲೆ ಸವರಿ, "ಗೊಂಬಿ ನೋಡಿದ್ರ ಗೊತ್ತಾಕ್ಕೈತಿ ಬಿಡವ್ವ" ಅಂದರು. ನಾನು ಇಶ್ಯೂ ಕೌಂಟರಿನಲ್ಲೇ ಕೂತಿದ್ದೆ. ಎದ್ದು ಹೋಗಿ ಹೊಸ ಚೀಟಿ ಬರೆದೆ. ಆದರೆ ಉದ್ಘಾಟನೆಯ ದಿನ ಬಂದಿದ್ದ ಜನ ಓದಿದ್ದು ಹಳೆಯ ಚೀಟಿಯನ್ನೇ.

ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನ ಇವೆ. ಅದೇ ಕಾಲದ ಬ್ರಹ್ಮಗಿರಿಯ ಶಾಸನದ ಕೊನೆಗೆ, ಚಿತ್ರದುರ್ಗ ಜಿಲ್ಲೆಯಲ್ಲಿ, ಚಪಡ ಅನ್ನುವ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಚಕ್ರವರ್ತಿಯ ಮಾತನ್ನು ಬರೆದವನಿಗೂ, ಇದನ್ನು ಬರೆದವನು ನಾನು ಅಂತ ಹೇಳಬೇಕು ಅನ್ನಿಸಿತ್ತು. ಎರಡು ಸಾವಿರ ವರ್ಷ ದಾಟಿ ಆ ಹೆಸರು ಉಳಿದಿದೆ. ನಾನು ಒಂದು ಕಾಗದದ ಚೀಟಿಯಲ್ಲಿ ಒಂದು ಹೆಸರು ಬಿಟ್ಟಿದ್ದೆ.

ಎರಡನೇ ತಪ್ಪು ಬಿಸಿಲಿನದು. ಏಪ್ರಿಲ್ ತಿಂಗಳು, ನಮ್ಮ ಕಡೆ 40 ಡಿಗ್ರಿ ದಾಟುವ ಕಾಲ. ಪಡಸಾಲೆಯ ಪಶ್ಚಿಮಕ್ಕೆ ಮೂರು ಕಿಟಕಿ. ಹಿನ್ನೀರಿನ ಜಲವರ್ಣಗಳನ್ನು "ಒಳ್ಳೆ ಬೆಳಕು ಇದೆ" ಅಂತ ಅವುಗಳ ಎದುರಿಗೇ ಹಾಕಿದ್ದೆ. ಸಂಜೆ ನಾಲ್ಕರ ಬಿಸಿಲು ನೇರ ಕಾಗದದ ಮೇಲೆ. ಒಂದು ವಾರಕ್ಕೆ ಫ್ರೇಮಿನೊಳಗೆ ಕಾಗದ ಅಲೆ ಅಲೆಯಾಗಿ ಎದ್ದಿತು. ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್ ಬೆಳಕು, ತೈಲವರ್ಣಕ್ಕೆ 200 ಲಕ್ಸ್ ಸಾಕು ಅಂತ ಮ್ಯೂಸಿಯಂಗಳು ಲೆಕ್ಕ ಇಟ್ಟುಕೊಂಡಿವೆ. ಲಕ್ಸ್ ಅಂದರೆ ಬೆಳಕಿನ ಅಳತೆ. ಓದುವ ಮೇಜಿಗೆ 300ಕ್ಕಿಂತ ಜಾಸ್ತಿ ಬೇಕು. ಅಂದರೆ ಓದುವವರಿಗೆ ಬೇಕಾದ ಬೆಳಕು ಜಲವರ್ಣಕ್ಕೆ ವಿಷ. ಗ್ರಂಥಾಲಯವನ್ನು ಗ್ಯಾಲರಿ ಮಾಡುವವರು ಮೊದಲು ತಿಳಿಯಬೇಕಾದದ್ದು ಇದು. ನಾನು ಚಿತ್ರ ಹಾಳಾಗಲು ಶುರುವಾದ ಮೇಲೆ ಓದಿ ತಿಳಿದುಕೊಂಡೆ. ಆ ಜಲವರ್ಣ ಬರೆದ ಹೆಣ್ಣುಮಗಳಿಗೆ ಕ್ಷಮೆ ಕೇಳಿ, ಫ್ರೇಮ್ ಬಿಚ್ಚಿಸಿ, ಹೊಸ ಹಿಂಬದಿ ರಟ್ಟು ಹಾಕಿಸಿದೆ. ಒಂದು ಚಿತ್ರದ ನೀಲಿ ಸ್ವಲ್ಪ ಮಂಕಾಗಿತ್ತು. ಅದು ಮತ್ತೆ ಬರುವುದಿಲ್ಲ.

ಇನ್ನು ಶಿಲ್ಪ. ಶೇಂಗಾ ಸುಲಿಯುತ್ತ ಕೂತ ಮುದುಕಿಯೊಬ್ಬಳ ಕೆಂಪು ಕಲ್ಲಿನ ಮೂರ್ತಿ ಅದು. ಟಂಟಂನಲ್ಲಿ ತಂದು, ಆರು ಜನ ಹಿಡಿದರೂ ಮೆಟ್ಟಿಲು ಹತ್ತಿಸಲಾಗಲಿಲ್ಲ. ಕೆಳಗೆ ಮೆಟ್ಟಿಲ ಬುಡದಲ್ಲೇ ಇಟ್ಟೆವು. ಮೂರನೇ ದಿನ ನೋಡಿದರೆ ಮುದುಕಿಯ ಹಣೆಗೆ ಕುಂಕುಮ, ಮಡಿಲಲ್ಲಿ ಸೇವಂತಿಗೆ. ಯಾರು ಇಟ್ಟರೋ ಗೊತ್ತಿಲ್ಲ. ನನಗೆ ಮೊದಲು ಖುಷಿಯಾಯಿತು, ಜನ ಒಪ್ಪಿಕೊಂಡರು ಅಂತ. ಶಿಲ್ಪಿ ಮಾತ್ರ ಸುಮ್ಮನೆ ನಿಂತು ನೋಡಿ, "ಪೂಜಿ ಆದ ಮ್ಯಾಲೆ ರೇಟ್ ಹೆಂಗ ಹೇಳ್ಲಿ ಸರ" ಅಂದರು.

ಆ ಮಾತು ನನ್ನನ್ನು ಬಿಡಲೇ ಇಲ್ಲ.

ಶಾಲು, ಹಾರ ಮತ್ತು "ಒಂದು ಕೊಟ್ಟುಬಿಡಿ"

ಉದ್ಘಾಟನೆ ಜೋರಾಗಿಯೇ ಆಗಿತ್ತು. ವೇದಿಕೆ, ಮೈಕು, ಹಾರ, ಪೇಟ, ಶಾಲು, ಸ್ಮರಣಿಕೆ, ಬಂದವರಿಗೆ ಊಟ. ಒಂಬತ್ತು ಕಲಾವಿದರಿಗೂ ಶಾಲು ಹೊದಿಸಿದೆವು. ಎಲ್ಲ ಮುಗಿದು ಬಿಲ್ಲುಗಳನ್ನು ಕಟ್ಟುವಾಗ ಗೊತ್ತಾಯಿತು, ಖರ್ಚಾದ ಹಣದಲ್ಲಿ ಕಲಾವಿದರ ಕೈಗೆ ಹೋದದ್ದು ಒಂದು ರೂಪಾಯಿಯೂ ಇಲ್ಲ. ಟಂಟಂ ಬಾಡಿಗೆ ಶಿಲ್ಪಿ ಕೊಟ್ಟಿದ್ದರು. ಫ್ರೇಮ್ ಖರ್ಚು ಮಾಸ್ತರರದು. ಗೋಡೆಯ ಹುಕ್ಕು ಕೂಡ ಪೇಂಟರ್ ತಮ್ಮ ಮನೆಯಿಂದ ತಂದಿದ್ದರು. ಹಾರ ಮಾರಿದವರಿಗೆ ದುಡ್ಡು ಸಿಕ್ಕಿತು, ಶಾಮಿಯಾನದವರಿಗೆ ಸಿಕ್ಕಿತು, ಅಡುಗೆಯವರಿಗೆ ಸಿಕ್ಕಿತು.

ಕೊನೆಯ ದಿನ ಇನ್ನೊಂದು ಆಯಿತು. ಹಿರಿಯರೊಬ್ಬರು ಬಹಳ ಪ್ರೀತಿಯಿಂದಲೇ ಹೇಳಿದರು: "ಎಲ್ಲಾರೂ ನೆನಪಿಗೆ ಒಂದೊಂದು ಕಾಲೇಜಿಗೆ ಕೊಟ್ಟುಬಿಡ್ರಿ." ಮಾಸ್ತರರು ಮುಖ ಮುಖ ನೋಡಿಕೊಂಡರು. ಸಭೆಯಲ್ಲಿ ಇಲ್ಲ ಅನ್ನುವುದು ಹೇಗೆ? ನಾಲ್ಕು ಚಿತ್ರ ಕಾಲೇಜಿಗೆ ಉಳಿದವು. ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು. ಆದರೆ ಅದೇ ವರ್ಷ ನಾವು ಪುಸ್ತಕದ ಅಂಗಡಿಗೆ ಹೋಗಿ "ನೆನಪಿಗೆ ನಾಲ್ಕು ಪುಸ್ತಕ ಕೊಟ್ಟುಬಿಡಿ" ಅಂತ ಕೇಳಲಿಲ್ಲ. ಬಿಲ್ ಕೊಟ್ಟು ತಂದೆವು.

ಆ ನಾಲ್ಕು ಚಿತ್ರಗಳನ್ನು ರಿಜಿಸ್ಟರಿನಲ್ಲಿ ಏರಿಸುವಾಗ ಕೈ ತಡೆಯಿತು. ಬೆಲೆಯ ಕಾಲಮ್ಮಿನಲ್ಲಿ ಏನು ಬರೆಯಲಿ? "ಉಚಿತ" ಅಂತ ಬರೆಯಬೇಕು. ಬರೆದೆ. ನಾಲ್ಕು ಸಾಲಿನಲ್ಲಿ ನಾಲ್ಕು "ಉಚಿತ". ಅದರಲ್ಲಿ ಒಂದು ಚಿತ್ರಕ್ಕೆ ಆ ಮಾಸ್ತರರು ಎರಡು ತಿಂಗಳ ಭಾನುವಾರಗಳನ್ನು ಕೊಟ್ಟಿದ್ದರು.

ಮುಂದೆ ಅದೇ ಚಿತ್ರ ಒಂದು ಕ್ಯಾಲೆಂಡರಿನ ಮೇಲೆ ಬಂತು. ಕೇಳಿರಲಿಲ್ಲ, ಹೆಸರೂ ಹಾಕಿರಲಿಲ್ಲ. ಚಿತ್ರ ನಮ್ಮದೇ ಅಲ್ವಾ ಅನ್ನುವುದು ಅಚ್ಚು ಹಾಕಿಸಿದವರ ಮಾತು. ಚಿತ್ರ ನಮ್ಮ ಗೋಡೆಯ ಮೇಲಿದ್ದರೂ ಅದನ್ನು ಅಚ್ಚು ಹಾಕಿಸುವ ಹಕ್ಕು ನಮ್ಮದಲ್ಲ. ಬರೆದುಕೊಡದಿದ್ದರೆ ಹಕ್ಕುಸ್ವಾಮ್ಯ ಕಲಾವಿದರ ಬಳಿಯೇ ಉಳಿಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಕ್ಕು ಮಾರಿದ ಮೇಲೂ, ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಅಧಿಕಾರ ಕಲಾವಿದರಿಗೆ ಇರುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಅವರು ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತುಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿಸಿತು, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಸರ್ಕಾರವೇ ದುಡ್ಡು ಕೊಟ್ಟು ಮಾಡಿಸಿದ ಕೃತಿ ಅದು. ಹಾಗಿದ್ದ ಮೇಲೆ ಪುಕ್ಕಟೆ ಪಡೆದ ಚಿತ್ರದ ಬಗ್ಗೆ ನಾವು ಎಷ್ಟು ಎಚ್ಚರ ಇರಬೇಕು? ಮಾಸ್ತರರು ಜಗಳ ಮಾಡಲಿಲ್ಲ. ಒಂದು ಕ್ಯಾಲೆಂಡರ್ ಕೇಳಿ ಪಡೆದರು, ಅಷ್ಟೇ. ಅದು ನನಗೆ ಜಗಳಕ್ಕಿಂತ ಜಾಸ್ತಿ ನೋವಾಯಿತು.

ಎರಡನೇ ಸಲ

ಮುಂದಿನ ಪ್ರದರ್ಶನವನ್ನು ಜನವರಿಗೆ, ಗವಿಸಿದ್ಧೇಶ್ವರ ಜಾತ್ರೆಯ ದಿನಗಳಿಗೆ ಹಚ್ಚಿಕೊಂಡೆವು. ಬಿಸಿಲೂ ಕಡಿಮೆ, ಜನವೂ ಜಾಸ್ತಿ.

ಮೊದಲು ದುಡ್ಡಿನ ಮಾತು ಮುಗಿಸಿದೆವು. ವೇದಿಕೆ ಬೇಡ, ಶಾಲು ಬೇಡ, ಊಟ ಬೇಡ, ಚಹಾ ಸಾಕು ಅಂತ ಗ್ರಂಥಾಲಯ ಸಮಿತಿಯಲ್ಲಿ ನಾನೇ ಇಟ್ಟೆ. ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆಯ ರೀತಿಯಲ್ಲ ಅಂದರು. ಅದು ನಿಜವೇ. ಬರಿಗೈಯಲ್ಲಿ ಕಳಿಸಬಾರದು ಅಂತಲೇ ನಾನೂ ಹೇಳುತ್ತಿರುವುದು ಅಂದೆ. ಕೊನೆಗೆ ಸಾಗಣೆ ಖರ್ಚು ಮತ್ತು ಒಂದು ಸಣ್ಣ ಗೌರವಧನವನ್ನು ಪ್ರದರ್ಶನ ಶುರುವಾಗುವ ಮೊದಲೇ ಕವರಿನಲ್ಲಿ ಕೊಟ್ಟೆವು. ಮೊದಲೇ ಅನ್ನುವುದು ಮುಖ್ಯ. ಆಮೇಲೆ ಅಂದರೆ ಕೇಳಿ ಪಡೆಯಬೇಕಾಗುತ್ತದೆ.

ಒಂದು ಪುಟದ ಕರಾರು ಕನ್ನಡದಲ್ಲೇ ಬರೆದೆವು. ಕೃತಿ ಯಾರದು, ಎಷ್ಟು ದಿನ ಇರುತ್ತದೆ, ಒಡೆದರೆ ಹರಿದರೆ ಜವಾಬ್ದಾರಿ ಯಾರದು, ಫೋಟೋ ಎಲ್ಲಿ ಹಾಕಬಹುದು, ಬೆಲೆ ಎಷ್ಟು. ಮಾರಾಟವಾದರೆ ಪೂರ್ತಿ ಹಣ ಕಲಾವಿದರಿಗೆ. ದಾನ ಕೇಳುವುದಿಲ್ಲ ಅನ್ನುವ ಸಾಲನ್ನೂ ಸೇರಿಸಿದೆವು.

ಬೆಲೆ ಬರೆಯುವುದೇ ಕಷ್ಟವಾಯಿತು. ಪೇಂಟರ್ ಆ ಕಾಲಂ ಖಾಲಿ ಬಿಟ್ಟು ಎರಡು ಸಲ ಫಾರಂ ವಾಪಸ್ ಕೊಟ್ಟರು. "ನೀವ ಏನರ ಹಾಕ್ರಿ ಸರ" ಅನ್ನುತ್ತಿದ್ದರು. ಅಂಗಡಿ ಬೋರ್ಡಿಗೆ ಚದರಡಿ ಲೆಕ್ಕದಲ್ಲಿ ರೇಟ್ ಹೇಳುತ್ತಿದ್ದ ಮನುಷ್ಯ. ತನ್ನದೇ ಚಿತ್ರಕ್ಕೆ ಬೆಲೆ ಹೇಳಲು ನಾಲಿಗೆ ಬರಲಿಲ್ಲ. ಎಷ್ಟು ದಿನ ಹಿಡಿಯಿತು, ದಿನದ ಕೂಲಿ ಎಷ್ಟು, ತಗಡು ಬಣ್ಣಕ್ಕೆ ಎಷ್ಟು ಅಂತ ಇಬ್ಬರೂ ಕೂತು ಕೂಡಿಸಿದೆವು. ಜೋಳದ ಹೊಲಕ್ಕೆ ಹತ್ತೊಂಬತ್ತು ದಿನ ಆಗಿತ್ತು. ಮೊತ್ತ ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪೆನ್ನು ಇಸಿದುಕೊಂಡು ತಾವೇ ಬರೆದರು. ಅಕ್ಷರ ಅಂಗಡಿ ಬೋರ್ಡಿನಷ್ಟು ಗುಂಡಗಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಪಶ್ಚಿಮದ ಕಿಟಕಿಗಳಿಗೆ ದಪ್ಪ ಕಾಟನ್ ಪರದೆ ಬಂತು. ಜಲವರ್ಣಗಳು ಒಳಗಿನ ಗೋಡೆಗೆ ಹೋದವು. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬರುವಂತೆ ತೂಗಿಸಿದೆವು, ನಿಂತವರ ಕಣ್ಣಿಗೆ ಸರಿಯಾಗಲಿ ಅಂತ. ಗೊಂಬೆಗಳಿಗೆ ಗೋಡೆಯ ನಡುವೆ, ಚಿತ್ರಗಳ ಸಾಲಿನಲ್ಲೇ ಹಲಗೆ ಹೊಡೆಸಿದೆವು. ಮುದುಕಿಯ ಮೂರ್ತಿ ಮತ್ತೆ ಮೆಟ್ಟಿಲ ಬುಡದಲ್ಲೇ ಕೂತಿತು, ಆದರೆ ಈ ಸಲ ಪಕ್ಕದಲ್ಲಿ ಶಿಲ್ಪಿಯ ಹೆಸರು, ಕಲ್ಲಿನ ಹೆಸರು, ಬೆಲೆ ಬರೆದ ಹಲಗೆ ಇತ್ತು. ಕುಂಕುಮ ಯಾರೂ ಇಡಲಿಲ್ಲ. ಮುಟ್ಟಿ ನೋಡಿದವರು ಬಹಳ ಜನ. ಮುಟ್ಟಲಿ ಬಿಡಿ ಅಂತ ಶಿಲ್ಪಿಯೇ ಹೇಳಿದ್ದರು.

ಜಾತ್ರೆಗೆ ಬಂದ ಹಳ್ಳಿಯ ಜನ ಮೆಟ್ಟಿಲು ಹತ್ತಿ ಬಂದರು. ಗ್ರಂಥಾಲಯದೊಳಗೆ ಕಾಲಿಟ್ಟದ್ದೇ ಮೊದಲು ಅಂದವರು ಅವರಲ್ಲಿ ಎಷ್ಟೋ ಮಂದಿ. ಚಪ್ಪಲಿ ಹೊರಗೆ ಬಿಡಬೇಕಾ ಅಂತ ಕೇಳುತ್ತಿದ್ದರು. ರೈತರೊಬ್ಬರು ಜೋಳದ ಹೊಲದ ಮುಂದೆ ನಿಂತು, ಇದು ಹಿಂಗಾರಿ ಬಿಳಿಜೋಳ, ಕಾಳು ಹಾಲುಗಟ್ಟಿದ ಹೊತ್ತು ಅಂತ ಮಗನಿಗೆ ಬೆರಳು ಮಾಡಿ ತೋರಿಸಿದರು. ಪೇಂಟರ್ ಪಕ್ಕದಲ್ಲೇ ಇದ್ದರು. ಹೌದು, ಆ ಹೊತ್ತಿಗೇ ಬರೆದದ್ದು ಅಂದರು. ಇಬ್ಬರೂ ಮಳೆಯ ಮಾತಿಗೆ ಇಳಿದರು. ಬೆಂಗಳೂರಿನಲ್ಲಿ ಆ ಚಿತ್ರಕ್ಕೆ ಇಂಥ ನೋಡುಗ ಸಿಗುತ್ತಿದ್ದರೇ? ಈ ಕೆಲಸಕ್ಕೆ ನಾನು ಇಷ್ಟು ಜೋತುಬಿದ್ದಿರುವುದು ಇದಕ್ಕೇ.

ಒಟ್ಟು 31 ಕೃತಿಗಳಲ್ಲಿ 7 ಮಾರಾಟವಾದವು. 24 ವಾಪಸ್ ಹೋದವು. ಮುದುಕಿ ವಾಪಸ್ ಹೋದವರಲ್ಲಿ ಒಬ್ಬಳು. ಕೊಂಡವರಲ್ಲಿ ಹೆಚ್ಚಿನವರು ನಮ್ಮ ಕಾಲೇಜಿನ ಶಿಕ್ಷಕರೇ, ಅದರಲ್ಲೂ ಮೂವರು ಕಂತಿನಲ್ಲಿ. ಇದು ದೊಡ್ಡ ಸಂಖ್ಯೆ ಅಲ್ಲ. ಕಾಲೇಜಿನ ಹಣದಲ್ಲಿ ಕೊಳ್ಳುವ ದಾರಿ ಇನ್ನೂ ಪೂರ್ತಿ ತೆರೆದಿಲ್ಲ. ಖರೀದಿಗೆ ಮೂರು ಕೊಟೇಶನ್ ಕೇಳುತ್ತಾರೆ. ಒಬ್ಬರೇ ಮಾಡಿದ, ಒಂದೇ ಒಂದು ಇರುವ ಚಿತ್ರಕ್ಕೆ ಮೂರು ಕೊಟೇಶನ್ ಎಲ್ಲಿಂದ ತರುವುದು? ಪತ್ರ ಬರೆದಿದ್ದೇವೆ. ಸದ್ಯಕ್ಕೆ ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಲ್ಲಿ ಗ್ರಂಥಾಲಯಕ್ಕೆ ಒಂದು ಕೃತಿ ಕೊಂಡೆವು. ಕಿನ್ನಾಳದ ಗರುಡ.

ಅದನ್ನು ರಿಜಿಸ್ಟರಿಗೆ ಏರಿಸುವ ದಿನ ಚಿತ್ರಗಾರರನ್ನು ಎದುರಿಗೇ ಕೂರಿಸಿಕೊಂಡೆ. ನಂಬರ್, ತಾರೀಖು ಬರೆದು, ಅವರ ಹೆಸರು ಬರೆಯಲು ಹೋದೆ. ಅವರು ಕೈ ಅಡ್ಡ ಮಾಡಿದರು.

"ಬರೇ ನಂದ ಬರೀಬ್ಯಾಡ್ರಿ ಸರ. ಕೆತ್ತಿದ್ದು ನಮ್ಮಣ್ಣ. ಕಿಟ್ಟ ತುಂಬಿ ಅರಿವಿ ಅಂಟಿಸಿದ್ದು ನಮ್ಮ ಮನಿಯಾಕಿ. ನಂದು ಬಣ್ಣ ಅಷ್ಟ."

ಮೂವರು ಬರೆದ ಪುಸ್ತಕವಾದರೆ ಮೂವರ ಹೆಸರನ್ನೂ ಬರೆಯುತ್ತೇವೆ. ಮೂರು ದಾಟಿದರೆ ಮಾತ್ರ "ಮತ್ತು ಇತರರು". ಕಾಲಂ ಕಿರಿದಾಗಿತ್ತು. ಅಕ್ಷರ ಸಣ್ಣ ಮಾಡಿ ಎರಡು ಸಾಲಿನಲ್ಲಿ ಮೂರು ಹೆಸರು ಹಿಡಿಸಿದೆ. ಪಕ್ಕದಲ್ಲಿ ವರ್ಷ ಬರೆದೆ. ಅದರ ಪಕ್ಕದಲ್ಲಿ ಬೆಲೆ ಬರೆದೆ. ಅವರು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು, ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಫೋನ್ ತೆಗೆದು, ಆ ಪುಟದ ಫೋಟೋ ಹೊಡೆದುಕೊಳ್ಳಲಾ ಅಂತ ಕೇಳಿದರು.